ಕಾಕಾನ ಖಾಯಂ ವಿಳಾಸ

ಬಾಗಲಕೋಟೆ ಜಿಲ್ಲೆಯಲ್ಲಿ ಜನರ ದಾರಿ ತಪ್ಪಿಸುವ ವಿಷಯದಲ್ಲಿ ನಮ್ಮ ಕಾಕಾನನ್ನು ಮೀರಿಸುವವರು ಇನ್ನೂ ಹುಟ್ಟಿಲ್ಲ. ಇದನ್ನು ನಾನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ; ನೊಂದವರ ಪೈಕಿ ಮೊದಲನೆಯವಳಾಗಿ ಹೇಳುತ್ತಿದ್ದೇನೆ. ತಮಾಷೆಯೆಂದರೆ, ಈ ಮನುಷ್ಯ ಮೂವತ್ತು ವರ್ಷ ಸರಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು! ಬಾದಾಮಿ, ಕೆರೂರ, ಕಮತಗಿ, ಹುನಗುಂದ, ಇಳಕಲ್ಲ ಎಂದು ಕೂಗುತ್ತ ಲಕ್ಷಾಂತರ ಜನರನ್ನು ಅವರವರ ಸ್ಟಾಪಿನಲ್ಲಿ ತಪ್ಪದೆ ಇಳಿಸಿದವನು. ನಿದ್ದೆ ಹೋದ ಮುದುಕಿಯರನ್ನು ಎಬ್ಬಿಸಿ, "ಯವ್ವಾ, ಏಳು, ನಿನ್ನ ಊರು ಬಂತು" ಎಂದು ಗಂಟನ್ನು ಕೈಗೆ ಕೊಟ್ಟು ಇಳಿಸುತ್ತಿದ್ದನಂತೆ. ಅಂಥವನ ಬಾಯಲ್ಲಿ ತನ್ನ ಮನೆಯ ದಾರಿ ಮಾತ್ರ ಯಾರಿಗೂ ಸರಿಯಾಗಿ ಸಿಕ್ಕಿರಲಿಲ್ಲ.

ನಾವಿರುವುದು ನವನಗರದಲ್ಲಿ. ಹಳೆಯ ಬಾಗಲಕೋಟೆಯ ಕೆಳಗಿನ ಓಣಿಗಳೆಲ್ಲ ಅಣೆಕಟ್ಟಿನ ಹಿನ್ನೀರಿಗೆ ಹೋದವಲ್ಲ, ಆಗ ಮುಳುಗಡೆಯಾದವರಿಗೆಂದು ಎತ್ತರದಲ್ಲಿ ಕಟ್ಟಿದ ಊರು ಇದು. ಇಲ್ಲಿ ಓಣಿಗೆ ಹೆಸರಿಲ್ಲ, ನಂಬರು. ಸೆಕ್ಟರ್ ಇಷ್ಟು, ಪ್ಲಾಟ್ ಇಷ್ಟು ಎಂದರೆ ಆಯಿತು, ಕಣ್ಣು ಕಟ್ಟಿ ಬಿಟ್ಟರೂ ಆಟೋದವನು ಬಂದು ಮುಟ್ಟುತ್ತಾನೆ. ಆದರೆ ಕಾಕಾ ಸೆಕ್ಟರ್ ಎನ್ನಬೇಕಲ್ಲ! ಆತ ಹಳೆಯ ಊರನ್ನು ಚಾಪೆಯ ಹಾಗೆ ಸುತ್ತಿ ತಂದು ನವನಗರದ ಮೇಲೆ ಹಾಸಿಬಿಟ್ಟಿದ್ದ. ನೀರಿನ ಟಾಕಿ ಇರುವಲ್ಲಿ ಅವನ ಪ್ರಕಾರ ಹಳೇ ಊರಿನ ಅಗಸಿ ಬಾಗಿಲು. ಬೇಕರಿಯ ತಿರುವು ಕುಂಬಾರ ಓಣಿ. "ಹೊಳೀ ದಾರಿ ಹಿಡದು ಬರ್ರಿ" ಎನ್ನುತ್ತಿದ್ದ. ಆ ದಾರಿ ಹಿಡಿದವರಿಗೆ ಸಿಗುತ್ತಿದ್ದುದು ಮೊಬೈಲ್ ಟವರ್.

ಒಮ್ಮೆ ನನ್ನನ್ನು ನೋಡಲು ಹುನಗುಂದದ ಕಡೆಯಿಂದ ಒಂದು ಮನೆತನದವರು ಜೀಪು ಮಾಡಿಕೊಂಡು ಬಂದರು. ಫೋನಿನಲ್ಲಿ ದಾರಿ ಹೇಳಿದವನು ಕಾಕಾ. ನಾನು ಸೀರೆ ಉಟ್ಟು, ಅವ್ವ ಉಪ್ಪಿಟ್ಟು ಮಾಡಿ, ಮಧ್ಯಾಹ್ನದವರೆಗೆ ಕಾದೆವು. ಯಾರೂ ಬರಲಿಲ್ಲ. ಅವರು ಕಾಕಾ ಹೇಳಿದ ಹಾಗೆ ಅಗಸಿ ದಾಟಿ, ಕುಂಬಾರ ಓಣಿ ಹೊಕ್ಕು, ಯಾವುದೋ ಮನೆಯ ಕಟ್ಟೆ ಹತ್ತಿದ್ದಾರೆ. ಆ ಮನೆಯಲ್ಲೂ ಒಂದು ಹುಡುಗಿ ಇದ್ದಳು, ಆ ಮನೆಯಲ್ಲೂ ಉಪ್ಪಿಟ್ಟು ಆಗಿತ್ತು. ಅವರ ಹುಡುಗನಿಗೂ ಆ ಹುಡುಗಿಗೂ ಈಗ ಇಬ್ಬರು ಮಕ್ಕಳು. ಸಂತೆಯಲ್ಲಿ ಸಿಕ್ಕರೆ ಆಕೆ ನನ್ನನ್ನು ನೋಡಿ ಯಾಕೋ ತುಂಬ ಮರ್ಯಾದೆಯಿಂದ ನಗುತ್ತಾಳೆ.

ನಮ್ಮ ಮನೆಯ ಸಂಗತಿ ಸ್ವಲ್ಪ ಹೇಳಬೇಕು. ನನ್ನ ಅಪ್ಪ ಗೌಂಡಿ. ನಾನು ಶಾಲೆಯ ಎರಡನೇ ಇಯತ್ತೆಯಲ್ಲಿದ್ದಾಗ ಕಟ್ಟಡದ ಕೆಲಸಕ್ಕೆಂದು ಗೋವಾಕ್ಕೆ ಹೋದವನು ಮೊದಲೆರಡು ಹಬ್ಬಕ್ಕೆ ಬಂದ, ನಾಲ್ಕು ಕಾಗದ ಬರೆದ. ಆಮೇಲೆ ಕಾಗದವೂ ಇಲ್ಲ, ಅಪ್ಪನೂ ಇಲ್ಲ. ಅಪ್ಪನ ತಮ್ಮನಾದ ಕಾಕಾ ಎರಡು ಸಲ ಹೋಗಿ ಹುಡುಕಿ ಬರಿಗೈಯಲ್ಲಿ ಬಂದ. ಅದರ ಮರುವರ್ಷ ಊರಿಗೆ ನೀರು ಬಂತು, ನಾವು ಮೇಲೆ ಬಂದೆವು. ಅಪ್ಪನ ಮಾತು ಮನೆಯಲ್ಲಿ ಅಲ್ಲಿಗೇ ನಿಂತಿತು. ಕಾಕಾ ಮದುವೆಯಾಗಲಿಲ್ಲ. ಅವ್ವನನ್ನೂ ನನ್ನನ್ನೂ ಸಾಕಿದ, ನನ್ನನ್ನು ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಓದಿಸಿದ. ನಾನು ಬಾಗಲಕೋಟೆಯ ಒಂದು ಖಾಸಗಿ ಲ್ಯಾಬಿನಲ್ಲಿ ಹತ್ತು ವರ್ಷದಿಂದ ಮಂದಿಯ ರಕ್ತ ತೆಗೆಯುತ್ತಿದ್ದೆ.

ಅಷ್ಟರಲ್ಲಿ ಸರಕಾರಿ ದವಾಖಾನೆಗಳಿಗೆ ಲ್ಯಾಬ್ ಟೆಕ್ನಿಷಿಯನ್ ಬೇಕೆಂದು ಅರ್ಜಿ ಕರೆದರು. ಹಿಂದಿನ ಸಲ ಕರೆದಾಗ ನಾನಿನ್ನೂ ಕಾಲೇಜಿನಲ್ಲಿದ್ದೆ. ಮುಂದಿನ ಸಲ ಕರೆಯುವ ಹೊತ್ತಿಗೆ ನನ್ನ ವಯಸ್ಸು ಮಿತಿ ದಾಟಿರುತ್ತದೆ. ಅಂದರೆ ಇದೇ ಮೊದಲ ಬಸ್ಸು, ಇದೇ ಕೊನೆಯ ಬಸ್ಸು. ಇದನ್ನು ಕಾಕಾನೇ ಹೇಳಿದ್ದು.

ಅರ್ಜಿ ತುಂಬಲು ನಮ್ಮ ತಿರುವಿನಲ್ಲಿರುವ ದಸ್ತಗೀರನ ಝೆರಾಕ್ಸ್ ಅಂಗಡಿಗೆ ಹೋದೆವು. ಕೊನೆಯ ದಿನ. ಕಂಪ್ಯೂಟರಿನ ಮುಂದೆ ದಸ್ತಗೀರ, ಪಕ್ಕದಲ್ಲಿ ನಾನು, ನಮ್ಮಿಬ್ಬರ ನಡುವೆ ತಲೆ ತೂರಿಸಿ ಕಾಕಾ. ಹೆಸರು, ಜಾತಿ, ಅಂಕ ಎಲ್ಲ ಸುಸೂತ್ರವಾಗಿ ಆಯಿತು. ಈಗಿನ ವಿಳಾಸ ಎಂದು ಬಂತು. ನವನಗರದ್ದು ಹಾಕಿದೆವು. ಕಾಕಾ ಮುಖ ಹಿಂಡಿದರೂ ಸುಮ್ಮನಿದ್ದ. ಮುಂದಿನದು ಖಾಯಂ ವಿಳಾಸ.

"ಎರಡೂ ಒಂದೇ ಅಂತ ಟಿಕ್ ಮಾಡ್ಲೇನ್ರಿ ಅಕ್ಕಾ?" ಎಂದ ದಸ್ತಗೀರ.

"ತಡಿ," ಎಂದ ಕಾಕಾ. "ಒಂದೇ ಹೆಂಗ ಆಗ್ತೈತಿ? ಇಲ್ಲೆ ನಾವು ಹಂಗಾಮಿ ಇದ್ದೇವಿ."

"ಇಪ್ಪತ್ತು ವರ್ಷದ ಮ್ಯಾಲಾತಲ್ಲ ಕಾಕಾ, ಹಂಗಾಮಿ ಎಲ್ಲಿಂದ ಬಂತು?" ಎಂದೆ ನಾನು.

"ಯವ್ವಾ, ಬಸ್‌ಸ್ಟ್ಯಾಂಡಿನಾಗ ಎಷ್ಟು ತಾಸು ಕುಂತ್ರೂ ಅದು ಮನಿ ಆಗಂಗಿಲ್ಲ. ಸರಕಾರದ ಮುಂದ ಸುಳ್ಳು ಬರೀಬಾರದು. ಬರಿ ದಸ್ತಗೀರ." ಎಂದವನೇ ಹಳೆಯ ಮನೆಯ ವಿಳಾಸವನ್ನು ಮನೆ ನಂಬರ್ ಸಮೇತ, ಕಂಡಕ್ಟರನ ಗಂಟಲಿನಲ್ಲಿ ಹೇಳತೊಡಗಿದ. ನಾನು ಜಗಳವಾಡಬಹುದಿತ್ತು. ಆದರೆ ಕರೆಂಟು ಎರಡು ಸಲ ಹೋಗಿ ಬಂದಿತ್ತು, ಸರ್ವರ್ ತಿರುಗುತ್ತಲೇ ಇತ್ತು, ಹಿಂದೆ ಹನ್ನೊಂದು ಜನ ಸರದಿಯಲ್ಲಿ ನಿಂತಿದ್ದರು. ಹೋಗಲಿ, ಖಾಯಂ ವಿಳಾಸವನ್ನು ಯಾರು ಹೋಗಿ ನೋಡುತ್ತಾರೆ ಎಂದುಕೊಂಡೆ. ದಸ್ತಗೀರ ಒತ್ತಿದ. ಸಲ್ಲಿಸಿದ ಅರ್ಜಿಯನ್ನು ತಿದ್ದಲು ಅವಕಾಶವಿಲ್ಲ ಎಂದು ಕೆಂಪು ಅಕ್ಷರದಲ್ಲಿ ಬಂತು. ಕಾಕಾ ಅದನ್ನು ಓದಿ, "ಹಿಂಗಿರಬೇಕು ನೋಡು," ಎಂದು ತಲೆದೂಗಿದ.

ಪರೀಕ್ಷೆ ಬಾದಾಮಿಯಲ್ಲಿ. ಕಾಕಾನೂ ಬಂದ, ನನ್ನೊಬ್ಬಳನ್ನೇ ಬಿಡುತ್ತಾನೆಯೇ? ಬಾದಾಮಿಯ ಮಂಗಗಳು ನಿಮಗೆ ಗೊತ್ತಿರಬೇಕು. ಪರೀಕ್ಷಾ ಕೇಂದ್ರದ ಗೇಟಿನಲ್ಲಿ ಒಂದು ದೊಡ್ಡ ಮಂಗ ಬಂದು ನನ್ನ ಕೈಚೀಲವನ್ನು ಎಳೆದುಕೊಂಡು ಗೋಡೆ ಹತ್ತಿತು. ಒಳಗೆ ಹಾಲ್ ಟಿಕೆಟ್ ಇತ್ತು. ನಾನು ಅಳುವುದೊಂದು ಬಾಕಿ. ಕಾಕಾ ಶಾಂತವಾಗಿ ಗೋಡೆಯ ಹತ್ತಿರ ಹೋಗಿ, ಟಿಕೆಟ್ ಇಲ್ಲದೆ ಕೂತವರ ಮುಂದೆ ನಿಲ್ಲುತ್ತಿದ್ದ ಹಾಗೆ ಸೊಂಟದ ಮೇಲೆ ಕೈ ಇಟ್ಟು ನಿಂತ. ಮಾತಿಲ್ಲ, ಬೈಗುಳವಿಲ್ಲ, ಬರೀ ನೋಟ. ಮಂಗ ಸ್ವಲ್ಪ ಹೊತ್ತು ಆ ಕಡೆ ಈ ಕಡೆ ನೋಡಿತು. ಆಮೇಲೆ ಚೀಲದೊಳಗಿನ ರೊಟ್ಟಿ ಗಂಟನ್ನು ತೆಗೆದುಕೊಂಡು ಚೀಲವನ್ನು ಕೆಳಗೆ ಹಾಕಿತು. "ಮೂವತ್ತು ವರ್ಷದ ಸರ್ವಿಸ್ ಯವ್ವಾ," ಎಂದ ಕಾಕಾ, ಚೀಲ ಝಾಡಿಸುತ್ತ. ಮಧ್ಯಾಹ್ನ ಇಬ್ಬರೂ ಉಪವಾಸ.

ದೇವರು ದೊಡ್ಡವನು, ಆಯ್ಕೆ ಪಟ್ಟಿಯಲ್ಲಿ ನನ್ನ ನಂಬರು ಬಂತು. ಹುನಗುಂದದ ಸರಕಾರಿ ದವಾಖಾನೆ. ಕಾಕಾ ಸೆಕ್ಟರಿಗೆಲ್ಲ ಪೇಡೆ ಹಂಚಿದ. ಆದರೆ ನೇಮಕದ ಆದೇಶ ಬರುವ ಮೊದಲು ಕೆಲವು ಪರಿಶೀಲನೆಗಳಿದ್ದವು. ಅವುಗಳ ಸ್ಥಿತಿಗತಿಯನ್ನು ಕಂಪ್ಯೂಟರಿನಲ್ಲೇ ನೋಡಿಕೊಳ್ಳಬೇಕು. ಅಂಕಪಟ್ಟಿ, ಆಯಿತು. ಜಾತಿ ಪ್ರಮಾಣ ಪತ್ರ, ಆಯಿತು. ಪೊಲೀಸ್ ಪರಿಶೀಲನೆ, ಪೆಂಡಿಂಗ್.

ಈ ಪೆಂಡಿಂಗ್ ಎಂಬುದರ ಅರ್ಥವೇನು? ನಮ್ಮ ಓಣಿಯಲ್ಲಿ ಅದಕ್ಕೆ ಮನೆಗೊಂದು ಭಾಷ್ಯ ಹುಟ್ಟಿತು. "ಅಂದ್ರ ಕೊಡಂಗಿಲ್ಲ ಅಂತ ಹೇಳಾಕ ಅವರಿಗೆ ನಾಚಿಕಿ ಆಗೈತಿ," ಎಂದಳು ಅವ್ವ. ಕಂಪ್ಯೂಟರಿನ ಪ್ರಕಾರ ಅದು ಹಳದಿ ಬಣ್ಣ, ಹಸಿರಾದರೆ ಕೆಲಸ, ಕೆಂಪಾದರೆ ಮುಗಿಯಿತು ಎಂಬುದು ದಸ್ತಗೀರನ ವಿವರಣೆ. ಕಾಕಾ ಇಬ್ಬರನ್ನೂ ತಳ್ಳಿಹಾಕಿದ.

"ಪೆಂಡಿಂಗ್ ಅಂದ್ರ ಗಾಡಿ ಸ್ಟ್ಯಾಂಡಿಗೆ ಬಂದು ನಿಂತೈತಿ ಅಂತ. ಬೋರ್ಡ್ ಹಾಕ್ಯಾರ, ಮಂದಿ ಹತ್ಯಾರ. ಡ್ರೈವರ್ ಚಾ ಕುಡ್ಯಾಕ ಹೋಗ್ಯಾನ. ಬರ್ತಾನ."

"ಡ್ರೈವರ್ ಬರಲೇ ಇಲ್ಲ ಅಂದ್ರ?" ಎಂದೆ.

"ಚಾ ಮುಗೀಬೇಕಲ್ಲ," ಎಂದ ಕಾಕಾ.

ದಿನಾ ಬೆಳಿಗ್ಗೆ ಜಳಕ ಮಾಡಿ, ವಿಭೂತಿ ಹಚ್ಚಿ, ದಸ್ತಗೀರನ ಅಂಗಡಿಗೆ ಹೋಗಿ ಆ ಪುಟವನ್ನು ತೆಗೆಸುವುದು ಅವನ ನೇಮವಾಯಿತು. ನೋಡಿದರೆ ಸಾಲದು, ಪ್ರಿಂಟ್ ಬೇಕು. ನಿನ್ನೆಯ ಹಾಳೆಯ ಮೇಲೆ ಇವತ್ತಿನದನ್ನು ಇಟ್ಟು ಬೆಳಕಿಗೆ ಹಿಡಿದು ನೋಡುತ್ತಿದ್ದ. ಒಂದು ದಿನ ಓಡುತ್ತ ಬಂದು, "ಯವ್ವಾ, ಸರಿದೈತಿ, ಸರಿದೈತಿ," ಎಂದ. ಏನು ಸರಿದಿದೆ? ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಬರುವ ಗಂಟೆ! ನಿನ್ನೆ ಎಂಟೂ ಹತ್ತು ಇದ್ದದ್ದು ಇವತ್ತು ಎಂಟೂ ಇಪ್ಪತ್ತು ಆಗಿತ್ತು. ಅದು ನೀನು ಅಂಗಡಿಗೆ ಹೋದ ಹೊತ್ತು ಕಾಕಾ ಎಂದು ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕಾಯಿತು. ಶನಿವಾರಕ್ಕೊಮ್ಮೆ ಆ ಹಾಳೆಗಳು ತುಳಸಿಗೇರಿ ಹನುಮಪ್ಪನ ಮುಂದೆಯೂ ಹೋಗುತ್ತಿದ್ದವು. ಪೂಜಾರಿಗಳು ಹೂವಿನ ಜೊತೆ ಕಂಪ್ಯೂಟರ್ ಪ್ರಿಂಟನ್ನೂ ದೇವರ ಪಾದಕ್ಕೆ ಮುಟ್ಟಿಸಿ ಕೊಟ್ಟದ್ದು ಆ ಗುಡಿಯಲ್ಲಿ ಅದೇ ಮೊದಲಿರಬೇಕು.

ನಗುತ್ತ ನಗುತ್ತ ಎರಡು ತಿಂಗಳಾಯಿತು. ಆಮೇಲೆ ಒಂದು ಪತ್ರ ಬಂತು. ಇಂತಿಷ್ಟು ದಿನದೊಳಗೆ ಪರಿಶೀಲನೆ ಮುಗಿಯದಿದ್ದರೆ ಆ ಹುದ್ದೆಯನ್ನು ಪಟ್ಟಿಯ ಮುಂದಿನವರಿಗೆ ಕೊಡಲಾಗುವುದು. ಉಳಿದದ್ದು ಹದಿನೈದು ದಿನ. ಅವತ್ತಿನಿಂದ ಲ್ಯಾಬಿನಲ್ಲಿ ಒಂದೇ ತೋಳಿಗೆ ಎರಡೆರಡು ಸಲ ಸೂಜಿ ಚುಚ್ಚತೊಡಗಿದೆ. ಹತ್ತು ವರ್ಷದಲ್ಲಿ ಮೊದಲ ಸಲ ಒಬ್ಬ ಮುದುಕರು, "ತಂಗಿ, ನೀ ಮದಲ ನೀರು ಕುಡಿ," ಎಂದರು.

ದೀಪಾವಳಿ ಮುಗಿದ ವಾರ, ಒಂದು ರವಿವಾರ ಬೆಳಿಗ್ಗೆ, ನನ್ನ ಮೊಬೈಲಿಗೆ ಫೋನು ಬಂತು. "ಮೇಡಂ, ಪೊಲೀಸ್ ಸ್ಟೇಷನ್‌ನಿಂದ ಮಾತಾಡ್ತಿರೋದು. ನಿಮ್ಮ ವೆರಿಫಿಕೇಶನ್‌ಗೆ ನಿಮ್ಮ ಮನೆ ಹತ್ರಾನೇ ಬಂದಿದೀನಿ. ಆದ್ರೆ ಮನೆ ಸಿಗ್ತಿಲ್ಲ." ತುಮಕೂರು ಕಡೆಯಿಂದ ಹೊಸದಾಗಿ ಬಂದಿದ್ದ ಹುಡುಗ ಪೇದೆ. ನಾನು ಬಾಯಿ ತೆರೆಯುವುದರೊಳಗೆ ಕಾಕಾ ಫೋನು ಕಸಿದುಕೊಂಡ. ದಾರಿ ಹೇಳುವ ಅವಕಾಶವನ್ನು ಅವನು ಬಿಡುತ್ತಾನೆಯೇ? ಫೋನಿನ ದನಿ ಜೋರಾಗಿದ್ದರಿಂದ ನನಗೂ ಅವ್ವನಿಗೂ ಎಲ್ಲ ಕೇಳುತ್ತಿತ್ತು.

"ಈಗ ಎಲ್ಲಿ ನಿಂತೀರಿ ಸಾಹೇಬ್ರ?"

"ರೋಡ್ ಮುಗಿದೋಗಿದೆ ಸಾರ್. ಮುಂದೆ ಪೂರ್ತಿ ನೀರು."

"ಬರೋಬರಿ ಬಂದೀರಿ. ಎಡಕ್ಕ ಒಂದು ಬೇವಿನ ಗಿಡ ಐತೇನು ನೋಡ್ರಿ."

"ನೀರಿನ ಮಧ್ಯ ಒಂದು ಒಣಗಿದ ಕೊಂಬೆ ಕಾಣ್ತಿದೆ. ಅದ್ರ ಮೇಲೆ ಬೆಳ್ಳಕ್ಕಿ ಕೂತಿದೆ."

"ಹಾಂ, ಅದ ಬೇವಿನ ಗಿಡ. ಅಲ್ಲಿಂದ ಬಲಕ್ಕ ಹೊಳ್ರಿ. ಮೂರನೇ ಮನಿ. ಕಟ್ಟಿ ಎತ್ತರ ಐತಿ, ಗುರುತು ಹತ್ತತೈತಿ."

ಆಮೇಲೆ ಆ ಹುಡುಗ ಬಹಳ ವಿನಯದಿಂದ, "ಸಾರ್, ನಂಗೆ ಈಜು ಬರಲ್ಲ," ಎಂದ.

ನನಗೆ ಆಗ ಹೊಳೆಯಿತು. ಪೊಲೀಸ್ ಪರಿಶೀಲನೆ ನಡೆಯುವುದು ಖಾಯಂ ವಿಳಾಸದಲ್ಲಿ! ಎರಡು ತಿಂಗಳಿಂದ ನನ್ನ ಅರ್ಜಿ ಯಾವ ಮೇಜಿನ ಮೇಲೂ ಕೂತಿರಲಿಲ್ಲ. ಸೀದಾ ಹಿನ್ನೀರಿನ ದಂಡೆಗೆ ಹೋಗಿ ನಿಂತಿತ್ತು. ನಾನು ಫೋನು ಕಿತ್ತುಕೊಂಡು, ನವನಗರದ ಸೆಕ್ಟರು ಪ್ಲಾಟು ಹೇಳಿ, ಹತ್ತು ನಿಮಿಷದಲ್ಲಿ ಆ ಹುಡುಗನನ್ನು ನಮ್ಮ ಪಡಸಾಲೆಯಲ್ಲಿ ಕೂರಿಸಿದೆ.

ಒಳ್ಳೆಯ ಹುಡುಗ. ಚಹಾ ಕುಡಿಯುತ್ತ ತನ್ನ ಕಷ್ಟ ಹೇಳಿಕೊಂಡ. ಹಿಂದೆಯೂ ಎರಡು ಸಲ ಬೇರೆ ಪೇದೆಗಳು ಹೋಗಿ ನೀರು ನೋಡಿ ಬಂದಿದ್ದರಂತೆ. ಏನು ಬರೆಯಬೇಕೆಂದು ತಿಳಿಯದೆ ಕಾಗದವನ್ನು ಹಾಗೇ ಇಟ್ಟಿದ್ದರಂತೆ. "ಅರ್ಜಿದಾರರು ಈ ವಿಳಾಸದಲ್ಲಿ ವಾಸ ಇಲ್ಲ ಅಂತ ಬರೆದ್ರೆ ನಿಮ್ಮ ಕೆಲಸ ಹೋಗುತ್ತೆ ಮೇಡಂ. ಒಂದೇ ದಾರಿ ಇದೆ. ಆ ಮನೆ ಅಲ್ಲಿತ್ತು, ನೀವು ಅಲ್ಲಿಯವರೇ ಅಂತ ಆಗಿನ ಅಕ್ಕಪಕ್ಕದವರು ಇಬ್ಬರು ಸ್ಥಳಕ್ಕೆ ಬಂದು ಹೇಳಬೇಕು. ಆಮೇಲೆ ಮನೆ ಹಿರಿಯರು, ಆ ಮನೆ ಈಗಿಲ್ಲ, ಇನ್ನು ನವನಗರದ್ದೇ ನಮ್ಮ ಖಾಯಂ ವಿಳಾಸ ಅಂತ ಬರೆದು ಸಹಿ ಮಾಡಬೇಕು."

ಕಾಕಾನ ಕಿವಿಗೆ ಹೋದದ್ದು ಮೊದಲ ಅರ್ಧ ಮಾತ್ರ. "ಇಬ್ಬರು ಯಾಕ್ರಿ ಸಾಹೇಬ್ರ? ಇಡೀ ಓಣೀನ ತರ್ತೇನಿ," ಎಂದು ಎದ್ದು ಚಪ್ಪಲಿ ಮೆಟ್ಟಿದ.

ಹೇಳಿದಂತೆ ಮಾಡಿದ. ಆ ಓಣಿಯವರು ಮುಳುಗಡೆಯ ಹೊತ್ತಿಗೆ ದಿಕ್ಕುದಿಕ್ಕಿಗೆ ಚೆದುರಿದ್ದರು. ವೆಲ್ಡಿಂಗ್ ಮಾಡುವ ರಾಜೇಸಾಬ ಕೆರೂರಿನಲ್ಲಿ, ಕಿರಾಣಿ ಅಂಗಡಿಯ ಮಲ್ಲಪ್ಪ ಕಮತಗಿಯಲ್ಲಿ, ಗಂಗವ್ವ ಇಳಕಲ್ಲಿನ ಮಗಳ ಮನೆಯಲ್ಲಿ. ಕಾಕಾ ಮೂರು ದಿನ ತನ್ನ ಹಳೆಯ ರೂಟುಗಳಲ್ಲೆಲ್ಲ ತಿರುಗಿದ. ಮೂವತ್ತು ವರ್ಷ ಮಂದಿಯನ್ನು ಇಳಿಸಿದವನು ಈಗ ಒಬ್ಬೊಬ್ಬರನ್ನೇ ಹತ್ತಿಸಿಕೊಂಡು ಬಂದ. ನಾಲ್ಕನೇ ದಿನ ಬೆಳಿಗ್ಗೆ ನೀರಿನ ದಂಡೆಯಲ್ಲಿ ಒಂಬತ್ತು ಜನ ಸೇರಿದ್ದರು. ನಾನು ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಪೇದೆ ಹಾಳೆ, ಪೆನ್ನು ಹಿಡಿದು ಬಂದವನು ಈ ಜಾತ್ರೆ ನೋಡಿ ದಂಗಾದ.

"ಸಾಕು ಸಾರ್, ಇಬ್ಬರೇ ಸಾಕಿತ್ತು," ಎಂದ.

"ಹಂಗ ಹೆಂಗ ಆಗ್ತೈತ್ರಿ? ಇಬ್ಬರು ಬಂದ್ರ ನಮ್ಮ ಮನಿ ಎಲ್ಲಿ ಬರ್ತೈತಿ ಅಂತ ನಿಮಗ ತಿಳಿಯೂದಿಲ್ಲ," ಎಂದ ಕಾಕಾ. ಎಲ್ಲರನ್ನೂ ಸಾಲಾಗಿ, ಅವರವರ ಮನೆ ಯಾವ ಕ್ರಮದಲ್ಲಿತ್ತೋ ಅದೇ ಕ್ರಮದಲ್ಲಿ, ದಂಡೆಯ ಉದ್ದಕ್ಕೂ ನಿಲ್ಲಿಸತೊಡಗಿದ. "ಗಂಗವ್ವ, ನೀ ಮೂಲಿಮನಿ, ತುದೀಗೆ ನಿಲ್ಲು. ರಾಜೇಸಾಬ, ನೀ ಇಲ್ಲೆ. ಮಲ್ಲಪ್ಪ, ನೀ ಅವನ ಬಾಜೂಕ."

ರಾಜೇಸಾಬನೂ ಮಲ್ಲಪ್ಪನೂ ಪಕ್ಕಪಕ್ಕ ನಿಂತರು ನೋಡಿ, ಅಲ್ಲಿಗೆ ಶುರುವಾಯಿತು. ಅವರಿಬ್ಬರ ಮನೆಗಳ ನಡುವಿನ ಗೋಡೆಯ ಜಗಳ ಊರು ಮುಳುಗುವುದಕ್ಕಿಂತ ಹಿಂದಿನದು.

"ಒಂದು ಗೇಣು ಆ ಕಡೆ ಸರಿ," ಎಂದ ರಾಜೇಸಾಬ. "ನೀ ನಮ್ಮ ಜಾಗಾದಾಗ ನಿಂತೀದಿ."

"ನಾ ಯಾಕ ಸರೀಲಿ? ಗ್ವಾಡಿ ನಮ್ಮಪ್ಪ ಕಟ್ಟಿಸಿದ್ದು."

"ಕಟ್ಟಿಸಿದ್ದು ನಿಮ್ಮಪ್ಪ, ಜಾಗಾ ನಮ್ಮಪ್ಪಂದು."

ಎಂಟಾಳು ನೀರಿನ ಕೆಳಗೆ ಕರಗಿಹೋದ ಗೋಡೆ! ಅವರಿಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುವುದನ್ನು ಕಂಡು ಪೇದೆ, ಲಾಠಿ ತರದೆ ಬಂದದ್ದಕ್ಕೆ ಪಶ್ಚಾತ್ತಾಪ ಪಟ್ಟಂತೆ ಕಂಡ. ಕೊನೆಗೆ ಕಾಕಾ ನಡುವೆ ಬಂದು, ಗೋಡೆಗೆಂದು ಒಂದು ಮೊಳ ಜಾಗ ಬಿಡಿಸಿ ಇಬ್ಬರನ್ನೂ ನಿಲ್ಲಿಸಿದ. ಆಗ ಗಂಗವ್ವ ತುದಿಯಿಂದ, "ಮಲ್ಲಪ್ಪ, ನಿಮ್ಮ ಬಚ್ಚಲ ನೀರು ನಮ್ಮ ಅಂಗಳಕ್ಕ ಬಿಡಬ್ಯಾಡ ಅಂತ ಬಡಕೊಂಡ್ನಿ, ಕೇಳಿದ್ಯಾ? ಈಗ ನೋಡು ಎಷ್ಟು ಬಂದೈತಿ," ಎಂದಳು. ಜಗಳ ಮರೆತು ಎಲ್ಲರೂ ನಕ್ಕರು. ನಕ್ಕ ಮೇಲೆ ಎಲ್ಲರೂ ಒಮ್ಮೆ ನೀರಿನ ಕಡೆ ನೋಡಿದರು.

ಪೇದೆ ಅವಸರದಲ್ಲಿ ಪಂಚನಾಮೆ ಬರೆದ. ಕಚೇರಿಯ ಕಾಗದ ಎಂದ ಮೇಲೆ ಮನೆಯ ನಾಲ್ಕು ದಿಕ್ಕಿಗೆ ಏನಿದೆ ಎಂದು ಬರೆಯಲೇಬೇಕಲ್ಲ? ಅವನು ಬರೆದದ್ದನ್ನು ಓದಿ ಹೇಳಿದ: "ಪೂರ್ವಕ್ಕೆ ನೀರು. ಉತ್ತರಕ್ಕೆ ನೀರು. ಪಶ್ಚಿಮಕ್ಕೆ ನೀರು. ದಕ್ಷಿಣಕ್ಕೆ ಪಂಚರು ನಿಂತಿರುವ ರಸ್ತೆ." ಎಂಟು ಜನ ಸಹಿ ಮಾಡಿದರು, ಗಂಗವ್ವ ಹೆಬ್ಬೆಟ್ಟು ಒತ್ತಿದಳು. ಆಮೇಲೆ ಪೇದೆ ಒಂದು ಬಿಳಿ ಹಾಳೆಯನ್ನು ಕಾಕಾನ ಕೈಗೆ ಕೊಟ್ಟ.

"ಈಗ ನೀವು ಬರೀರಿ ಸಾರ್. ಆ ಮನೆ ಈಗ ಇಲ್ಲ, ಇನ್ನು ನವನಗರದ್ದೇ ಖಾಯಂ ಅಂತ. ಎರಡು ಸಾಲು ಸಾಕು."

ಕಾಕಾ ಹಾಳೆಯನ್ನು ತೆಗೆದುಕೊಂಡ. ಪೇದೆಯ ಬೈಕಿನ ಸೀಟಿನ ಮೇಲೆ ಇಟ್ಟ. ಪೆನ್ನು ತೆರೆದ, ಮುಚ್ಚಿದ. "ಬ್ಯಾರೆ ಏನಾರ ಬರದ್ರ ನಡೀತೈತೇನ್ರಿ?" ಎಂದು ಕೇಳಿದ. ನಡೆಯುವುದಿಲ್ಲ ಎಂದ ಪೇದೆ. ನನಗೆ ಸಿಟ್ಟು ಬಂತು. ಖರೆ ಹೇಳುತ್ತೇನೆ, ಭಾಳ ಸಿಟ್ಟು ಬಂತು. ಉಳಿದದ್ದು ಮೂರೇ ದಿನ, ನನ್ನ ಇಡೀ ಬದುಕು ಆ ಹಾಳೆಯ ಮೇಲೆ ನಿಂತಿದೆ, ಈ ಮನುಷ್ಯನ ಹಟ ಇನ್ನೂ ಮುಗಿದಿಲ್ಲ! "ಕಾಕಾ, ಇನ್ನೂ ಎಷ್ಟು ದಿನ ಈ ನಾಟಕ?" ಎಂದುಬಿಟ್ಟೆ, ಒಂಬತ್ತು ಜನರ ಮುಂದೆ.

ಕಾಕಾ ಪೇದೆಯ ಕಡೆ ತಿರುಗಿ, ಟಿಕೆಟ್ಟಿನ ವಿಷಯ ಮಾತಾಡುವಷ್ಟೇ ಸಾದಾ ದನಿಯಲ್ಲಿ ಹೇಳಿದ. "ಸಾಹೇಬ್ರ, ನಮ್ಮಣ್ಣ ಗೋವಾಕ್ಕ ಹೋಗ್ಯಾನ್ರಿ. ಅಂವ ಹೋಗೂಮುಂದ ಈ ಮನಿ ಇತ್ತು. ಅವಗ ಗೊತ್ತಿರೋ ವಿಳಾಸ ಇದೊಂದ. ಇದು ನಮ್ಮದಲ್ಲ ಅಂತ ನಾನ ಬರದು ಕೊಟ್ರ, ಅಂವ ಬಂದು ಯಾರನ್ನ ಕೇಳಬೇಕ್ರಿ?"

ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು, ಮುಳುಗಡೆಯಾದ ಮೇಲೆ ನಮ್ಮ ಮನೆಯವರು ನವನಗರಕ್ಕೆ ಹೋದರು ಎಂದು. ಅದು ಕಾಕಾನಿಗೂ ಗೊತ್ತಿತ್ತು. ಆದರೆ ವಿಳಾಸ ಬದಲಿಸುವುದೆಂದರೆ ಅಣ್ಣ ಇನ್ನು ಬರುವುದಿಲ್ಲ ಎಂದು ಬರೆದುಕೊಟ್ಟ ಹಾಗೆ ಎಂಬುದು ಅವನ ಮನಸ್ಸಿನ ಲೆಕ್ಕ. ಇಪ್ಪತ್ತು ವರ್ಷ ನಾವು ಅದನ್ನು ಹುಚ್ಚು ಅಂದೆವು, ಹಟ ಅಂದೆವು, ಬಂದವರ ಮುಂದೆಲ್ಲ ಹೇಳಿ ನಕ್ಕೆವು. ಅವನೂ ನಮ್ಮ ಜೊತೆ ನಗುತ್ತಿದ್ದ. ನನಗೆ ತಲೆ ಎತ್ತಲಾಗಲಿಲ್ಲ.

ಅವ್ವ ಅಷ್ಟು ಹೊತ್ತು ಹಿಂದೆ ನಿಂತಿದ್ದಳು. ಸೆರಗು ಸರಿ ಮಾಡಿಕೊಂಡು ಮುಂದೆ ಬಂದು, ಹಾಳೆ ಹಾರದಂತೆ ಒಂದು ತುದಿಯನ್ನು ಕೈಯಿಂದ ಒತ್ತಿ ಹಿಡಿದಳು. ಗಂಡನ ವಿಷಯದಲ್ಲಿ ಅವಳು ಬಾಯಿ ಬಿಟ್ಟದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಬರಿ," ಎಂದಳು. "ಬರಾಂವ ಬಂದಾಗ ಬರಲಿ. ಇರಾಕಿ, ಮಗಳು, ಇಲ್ಲಿ ನಿಂತಾಳ. ನಾ ಹೇಳಾಕತ್ತೇನಿ, ಬರಿ."

"ವೈನಿ," ಎಂದ ಕಾಕಾ. ಅತ್ತಿಗೆಯ ಮುಖ ನೋಡಿದ. ಬರೆದ. ಎರಡು ಸಾಲು ಬರೆದು, ಸಹಿ ಮಾಡಿ, ಮತ್ತೆ ಬಗ್ಗಿ ಸಹಿಯ ಕೆಳಗೆ ಇನ್ನೇನೋ ಬರೆಯತೊಡಗಿದ. ಪೇದೆ ಹಾಳೆ ತೆಗೆದುಕೊಂಡು ಓದಿದ. ನಾನೂ ಅವನ ಭುಜದ ಮೇಲಿಂದ ಓದಿದೆ. "ಹಳೇ ವಿಳಾಸಕ್ಕೆ ಯಾರಾದರೂ ನಮ್ಮನ್ನು ಕೇಳಿಕೊಂಡು ಬಂದಲ್ಲಿ ಅವರನ್ನು ಈ ಕೆಳಗಿನ ಮನೆಗೆ ದಯವಿಟ್ಟು ಕಳಿಸಿಕೊಡಬೇಕು," ಎಂದು ಬರೆದು, ಸೆಕ್ಟರು, ಪ್ಲಾಟು, ಬೇಕರಿಯ ಗುರುತು, ಬಸ್ಸು ಇಳಿಯಬೇಕಾದ ಸ್ಟಾಪು, ಎಲ್ಲವನ್ನೂ ತಪ್ಪಿಲ್ಲದೆ ಬರೆದಿದ್ದ.

"ಇದೆಲ್ಲ ವರದೀಲಿ ಬರಲ್ಲ ಸಾರ್," ಎಂದ ಪೇದೆ. ಹೊಡೆದು ಹಾಕಲೆಂದು ಪೆನ್ನು ತೆಗೆದವನು, ಸುಮ್ಮನೆ ಅದನ್ನು ಜೇಬಿಗಿಟ್ಟುಕೊಂಡ. ಹಾಳೆಯನ್ನು ಹಾಗೆಯೇ ಮಡಚಿ ಕಡತದೊಳಗೆ ಇಟ್ಟ.

ಮರುದಿನ ಸಂಜೆ ದಸ್ತಗೀರ ಅಂಗಡಿ ಬಿಟ್ಟು ನಮ್ಮ ಮನೆಗೇ ಓಡಿ ಬಂದ. ಹಳದಿ ಹೋಗಿ ಹಸಿರು ಬಂದಿತ್ತು. ಈಗ ನಾನು ಹುನಗುಂದದ ದವಾಖಾನೆಯಲ್ಲಿದ್ದೇನೆ. ದಿನಾ ಬೆಳಿಗ್ಗೆ ಕಿಟಕಿಯ ಮುಂದೆ ಚೀಟಿ ಹಿಡಿದವರ ಸಾಲು. ಹೆಸರು, ವಯಸ್ಸು ಬರೆದುಕೊಂಡರೆ ನನ್ನ ಕೆಲಸಕ್ಕೆ ಸಾಕು, ಬೇರೆ ಏನೂ ಕೇಳುವ ಅಗತ್ಯವಿಲ್ಲ. ಆದರೆ ಎಪ್ಪತ್ತರ ಆಸುಪಾಸಿನ ಗಂಡಸರು ಯಾರಾದರೂ ಒಬ್ಬರೇ ಬಂದು ತೋಳು ಚಾಚಿ ಕೂತರೆ, ಹಿಂದೆ ಎಷ್ಟೇ ಉದ್ದ ಸಾಲಿದ್ದರೂ, ಸೂಜಿ ಹಿಡಿಯುವ ಮೊದಲು ನಾನು ಒಂದು ಮಾತು ಕೇಳುತ್ತೇನೆ.

"ಅಜ್ಜಾರ, ನಿಮ್ಮದು ಮದಲ ಯಾವ ಊರ್ರಿ?"